ಆಪಲ್ ಕ್ರಂಬಲ್ ಕೆಟ್ಟಿತಾ? ತಪ್ಪು ಎಲ್ಲಾಯಿತು ಅಂತ ಹುಡುಕುವುದು ಹೀಗೆ

ಮನೆಯಲ್ಲಿ ಬೇಕಿಂಗ್ ಶುರು ಮಾಡುವವರಿಗೆ ಆಪಲ್ ಕ್ರಂಬಲ್‌ನಷ್ಟು ಸುಲಭದ ಸಿಹಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮೊಟ್ಟೆ ಬೇಡ, ಬೇಕಿಂಗ್ ಪೌಡರ್ ಬೇಡ, ಕೇಕ್ ಉಬ್ಬುತ್ತದೋ ಇಲ್ಲವೋ ಎಂಬ ಚಿಂತೆ ಇಲ್ಲ. ಕೆಳಗೆ ಸೇಬಿನ ಹೋಳು. ಮೇಲೆ ಮೈದಾ, ಬೆಣ್ಣೆ, ಸಕ್ಕರೆ ಸೇರಿಸಿ ಉಜ್ಜಿದ ಪುಡಿ. ಓವನ್‌ನಲ್ಲಿ ಮುಕ್ಕಾಲು ಗಂಟೆ. ಇಂಗ್ಲೆಂಡಿನ ಮನೆಗಳಲ್ಲಿ ಊಟದ ಕೊನೆಗೆ ಕಸ್ಟರ್ಡ್ ಸುರಿದುಕೊಂಡು ತಿನ್ನುವ ತಿಂಡಿ ಇದು. ನಮ್ಮ ಮನೆಗಳಲ್ಲಿ ಐಸ್‌ಕ್ರೀಮ್ ಜೊತೆ ಸಲೀಸಾಗಿ ಹೊಂದಿಕೊಂಡಿದೆ.

ಆದರೂ ಕೆಡುತ್ತದೆ. ತಳದಲ್ಲಿ ನೀರು ನಿಲ್ಲುತ್ತದೆ, ಮೇಲಿನ ಪುಡಿ ಹಸಿ ಹಿಟ್ಟಾಗಿಯೇ ಉಳಿಯುತ್ತದೆ, ಇಲ್ಲವೇ ಹಲ್ಲಿಗೆ ಸಿಗದಷ್ಟು ಗಟ್ಟಿಯಾಗುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸ ಏನು? ಬೇರೆ ರೆಸಿಪಿ ಹುಡುಕುವುದು. ಅದರಿಂದ ಏನೂ ಸರಿಹೋಗುವುದಿಲ್ಲ. ಯಾಕೆಂದರೆ ಎಲ್ಲ ರೆಸಿಪಿಗಳೂ ಹೆಚ್ಚುಕಮ್ಮಿ ಒಂದೇ. ಕೆಡುವುದು ಬೇರೆ ಕಡೆ. ಸೇಬಿನಲ್ಲಿ ನೂರಕ್ಕೆ ಸುಮಾರು 85 ಭಾಗ ನೀರಿದೆ. 700 ಗ್ರಾಂ ಹೋಳು ಹಾಕಿದರೆ ಪಾತ್ರೆಯೊಳಗೆ ಹತ್ತಿರ ಹತ್ತಿರ 600 ಗ್ರಾಂ ನೀರು ಹಾಕಿದ ಹಾಗಾಯಿತು. ಅದರಲ್ಲಿ ಒಂದಷ್ಟು ಆವಿಯಾಗಿ ಹೊರಗೆ ಹೋಗಬೇಕು, ಒಂದಷ್ಟು ಗಟ್ಟಿ ರಸವಾಗಬೇಕು, ಉಳಿದದ್ದು ಹೋಳಿನೊಳಗೇ ಇರಬೇಕು. ಕ್ರಂಬಲ್‌ನ ತೊಂದರೆಗಳಲ್ಲಿ ಜಾಸ್ತಿ ಪಾಲು ಈ ನೀರು ದಾರಿ ತಪ್ಪಿದ್ದರಿಂದಲೇ ಬರುತ್ತದೆ. ಆದ್ದರಿಂದ ಮೊದಲು ನೀರು ಎಲ್ಲಿ ಹೋಯಿತು ಅಂತ ನೋಡಿ.

ಹೋಲಿಸಿ ನೋಡಲು ಒಂದು ಅಳತೆ ಬೇಕಲ್ವಾ? ಇದನ್ನು ಇಟ್ಟುಕೊಳ್ಳಿ. ಸಿಪ್ಪೆ, ಬೀಜ ತೆಗೆದ ಸೇಬು 700 ಗ್ರಾಂ, ಅಂದರೆ ಮಧ್ಯಮ ಗಾತ್ರದ ಐದು ಹಣ್ಣು. ಅದಕ್ಕೆ ಸಕ್ಕರೆ ಮೂರು ದೊಡ್ಡ ಚಮಚ, ಒಂದು ನಿಂಬೆಹಣ್ಣಿನ ರಸ, ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚ, ಚಕ್ಕೆ ಪುಡಿ ಅರ್ಧ ಚಿಕ್ಕ ಚಮಚ. ಮೇಲಿನ ಪುಡಿಗೆ ಮೈದಾ 150 ಗ್ರಾಂ, ತಣ್ಣಗಿನ ಬೆಣ್ಣೆ 75 ಗ್ರಾಂ, ಸಕ್ಕರೆ 75 ಗ್ರಾಂ. ತೂಕದಲ್ಲಿ ಎರಡು ಪಾಲು ಮೈದಾ, ಒಂದು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ. ಈ ಲೆಕ್ಕ ನೆನಪಿದ್ದರೆ ರೆಸಿಪಿ ಪುಸ್ತಕವೇ ಬೇಡ. ಎಂಟು ಇಂಚು ಅಗಲದ ಪಾತ್ರೆ, 180 ಡಿಗ್ರಿ, 40ರಿಂದ 45 ನಿಮಿಷ.

ಮೊದಲು ಚಮಚ ಹಾಕಿ ನೋಡಿ

ಕೆಟ್ಟಿದೆ ಅನ್ನಿಸಿದ ತಕ್ಷಣ ಎಲ್ಲವನ್ನೂ ಕಲಸಿಬಿಡಬೇಡಿ. ಕಲಸಿದರೆ ಸುಳಿವೆಲ್ಲ ಅಳಿಸಿಹೋಗುತ್ತದೆ. ಪಾತ್ರೆಯ ಅಂಚಿನಲ್ಲಿ ಒಂದು ಕಡೆ, ನಡುವೆ ಒಂದು ಕಡೆ ದೊಡ್ಡ ಚಮಚವನ್ನು ತಳದವರೆಗೆ ಇಳಿಸಿ ಎತ್ತಿ. ಮೂರು ವಿಷಯ ನೋಡಿಕೊಳ್ಳಿ. ಆ ಗುಂಡಿಗೆ ರಸ ಎಷ್ಟು ಬೇಗ ಹರಿದು ಬರುತ್ತದೆ, ಅದರ ಬಣ್ಣ ಹೇಗಿದೆ? ಹೋಳನ್ನು ಚಮಚದ ಅಂಚಿನಿಂದ ಒತ್ತಿದರೆ ಕತ್ತರಿಸುತ್ತದಾ, ಜಾರುತ್ತದಾ, ಪೇಸ್ಟ್ ಆಗುತ್ತದಾ? ಮೇಲಿನ ಪುಡಿಯನ್ನು ಮಗುಚಿದರೆ ಅದರ ಕೆಳಭಾಗ ಬೆಂದಿದೆಯಾ, ಹಸಿ ಬಿಳಿ ಇದೆಯಾ?

ಅಂಚಿನಲ್ಲಿ ಚೆನ್ನಾಗಿದ್ದು ನಡುವೆ ಮಾತ್ರ ಕೆಟ್ಟಿದ್ದರೆ ಸಮಯ ಸಾಲದೆ ಹೋಗಿದೆ, ಅಥವಾ ಪಾತ್ರೆ ತೀರಾ ಆಳವಾಗಿದೆ. ಎರಡೂ ಕಡೆ ಒಂದೇ ಥರ ಕೆಟ್ಟಿದ್ದರೆ ಸೇಬಿನಲ್ಲೋ ಪುಡಿಯಲ್ಲೋ ಓವನ್‌ನಲ್ಲೋ ತೊಂದರೆ ಇದೆ ಅಂತ ಅರ್ಥ.

ತಳದಲ್ಲಿ ನೀರು ನಿಂತಿದೆ

ಎಲ್ಲರಿಗೂ ಬರುವ ದೂರು ಇದೇ. ಇದರ ಕಾರಣ ಹುಡುಕಲು ರಸದ ಬಣ್ಣ ನೋಡಿದರೆ ಸಾಕು.

ರಸ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಮಬ್ಬಾಗಿದ್ದು, ನಾಲಿಗೆಗೆ ಹಿಟ್ಟಿನ ರುಚಿ ತಗುಲಿದರೆ ಕಾರ್ನ್‌ಫ್ಲೋರ್ ಬೆಂದಿಲ್ಲ. ಕಾರ್ನ್‌ಫ್ಲೋರ್ ಸುಮಾರು 65 ಡಿಗ್ರಿಯಿಂದ ಉಬ್ಬಲು ಶುರುವಾಗುತ್ತದೆ ನಿಜ. ಆದರೆ ಪೂರ್ತಿ ಗಟ್ಟಿಯಾಗಬೇಕಾದರೆ ರಸ ಕುದಿಯುವ ಹತ್ತಿರ ಬರಬೇಕು. ಮೇಲಿನ ಪುಡಿ ಕೆಂಪಾಯಿತು ಅಂತ 25 ನಿಮಿಷಕ್ಕೇ ಹೊರಗೆ ತೆಗೆದರೆ ಒಳಗಿನ ರಸ ಅಷ್ಟು ಬಿಸಿಯಾಗಿರುವುದಿಲ್ಲ. ಅಂಥ ಪಾತ್ರೆಯನ್ನು ಮತ್ತೆ ಓವನ್‌ಗೆ ಇಟ್ಟು, ಮೇಲೆ ಸಡಿಲವಾಗಿ ಫಾಯಿಲ್ ಹೊದಿಸಿ, 15 ನಿಮಿಷ ಬೇಯಿಸಿದರೆ ಸರಿಹೋಗುತ್ತದೆ. ಇದು ಪೂರ್ತಿ ಉಳಿಸಿಕೊಳ್ಳಬಹುದಾದ ದೋಷ.

ರಸ ತಿಳಿಯಾಗಿ, ನೀರಿನಷ್ಟೇ ತೆಳ್ಳಗಿದ್ದರೆ ಕಾರಣ ಬೇರೆ. ಕಾರ್ನ್‌ಫ್ಲೋರ್ ಹಾಕಿಲ್ಲ, ಇಲ್ಲವೇ ಹಣ್ಣು ಬಿಟ್ಟ ನೀರಿಗೆ ಅದು ಸಾಲಲಿಲ್ಲ. ಇಲ್ಲಿ ಕಾರ್ನ್‌ಫ್ಲೋರ್ ಜಾಸ್ತಿ ಮಾಡುವುದು ನನಗೆ ಇಷ್ಟವಿಲ್ಲ. ಎರಡು ದೊಡ್ಡ ಚಮಚ ದಾಟಿದರೆ ರಸ ಅಂಟಂಟಾಗಿ ಸೇಬಿನ ರುಚಿಯೇ ಮುಚ್ಚಿಹೋಗುತ್ತದೆ. ಬದಲಿಗೆ ನೀರನ್ನು ಮೊದಲೇ ಹೊರಗೆ ತೆಗೆಯಿರಿ. ಹೋಳುಗಳಿಗೆ ಸಕ್ಕರೆ, ನಿಂಬೆರಸ ಬೆರೆಸಿ ಅರ್ಧ ಗಂಟೆ ಬಿಡಿ. ಸಕ್ಕರೆ ನೀರನ್ನು ಎಳೆಯುತ್ತದೆ, ಬಟ್ಟಲಿನ ತಳದಲ್ಲಿ ರಸ ಕೂಡುತ್ತದೆ. ಆ ರಸವನ್ನು ಚಿಕ್ಕ ಬಾಣಲೆಗೆ ಬಸಿದು, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಅದು ತಣ್ಣಗಾದ ಮೇಲೆ ಕಾರ್ನ್‌ಫ್ಲೋರ್ ಕಲಸಿ ಹೋಳಿಗೆ ವಾಪಸ್ ಹಾಕಿ. ಹತ್ತು ನಿಮಿಷದ ಕೆಲಸ ಜಾಸ್ತಿ ಆಗುತ್ತದೆ. ಆದರೆ ಸೇಬಿನ ಪರಿಮಳವೆಲ್ಲ ಆ ನಾಲ್ಕು ಚಮಚ ರಸದಲ್ಲೇ ಕೂತಿರುತ್ತದೆ. ಒಂದು ಸಲ ಹೀಗೆ ಮಾಡಿದವರು ಮತ್ತೆ ಬಿಡುವುದಿಲ್ಲ.

ಇನ್ನು ಬೆಂದಿದೆಯೋ ಇಲ್ಲವೋ ತಿಳಿಯಲು ಗಡಿಯಾರಕ್ಕಿಂತ ಕಣ್ಣನ್ನು ನಂಬಿ. ಓವನ್ ಗಾಜಿನ ಮೂಲಕ ಪಾತ್ರೆಯ ಅಂಚನ್ನೇ ನೋಡುತ್ತಿರಿ. ಸುಮಾರು ಅರ್ಧ ಗಂಟೆಗೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಬರತೊಡಗುತ್ತವೆ. ಅವು ಬೇಗ ಬೇಗ ಎದ್ದು ಬೇಗ ಬೇಗ ಒಡೆಯುತ್ತವೆ. ರಸ ಇನ್ನೂ ನೀರಾಗಿದೆ ಅಂತ ಅರ್ಥ. ಇನ್ನೊಂದು ಹತ್ತು ನಿಮಿಷ ಕಳೆದರೆ ಗುಳ್ಳೆಯ ವೇಗ ಇಳಿಯುತ್ತದೆ. ದೊಡ್ಡದಾಗಿ, ಸೋಮಾರಿಯಾಗಿ ಏಳುತ್ತದೆ. ಒಡೆಯುವ ಮುಂಚೆ ಒಂದು ಕ್ಷಣ ನಿಲ್ಲುತ್ತದೆ. ಒಡೆದ ಜಾಗದಲ್ಲಿ ಹೊಳೆಯುವ ರಸ ಪುಡಿಯ ಅಂಚಿಗೆ ಅಂಟಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ತೆಗೆಯಿರಿ. ನಡುವೆಯೂ ಒಂದೆರಡು ಕಡೆ ಪುಡಿಯನ್ನು ಸೀಳಿಕೊಂಡು ರಸ ಬಂದಿದ್ದರೆ ಇನ್ನೂ ಒಳ್ಳೆಯದು.

ಹೊರಗೆ ತೆಗೆದ ಕೂಡಲೇ ಬಡಿಸಿದರೂ ನೀರಾಗಿಯೇ ಕಾಣುತ್ತದೆ. ಕಾರ್ನ್‌ಫ್ಲೋರ್ ತಣ್ಣಗಾಗುತ್ತಾ ಗಟ್ಟಿಯಾಗುವ ವಸ್ತು. 20 ನಿಮಿಷ ಸುಮ್ನೆ ಬಿಡಿ. ಬಿಡುವಾಗ ತಟ್ಟೆ ಮುಚ್ಚಬೇಡಿ, ಫಾಯಿಲ್ ಮುಚ್ಚಬೇಡಿ. ಮುಚ್ಚಿದರೆ ಹೊರಗೆ ಹೋಗಬೇಕಾದ ಆವಿ ತಿರುಗಿ ನೀರಾಗಿ ಪುಡಿಯ ಮೇಲೆ ಬೀಳುತ್ತದೆ. ಅಷ್ಟು ಹೊತ್ತು ಗರಿಗರಿಯಾಗಿದ್ದದ್ದು ಐದೇ ನಿಮಿಷದಲ್ಲಿ ಮೆತ್ತಗಾಗುತ್ತದೆ.

ಮೇಲಿನ ಪುಡಿ: ಹಸಿ, ಕಲ್ಲು, ಮರಳು

ಮೇಲೆ ಕೆಂಪಾಗಿದ್ದು ಕೆಳಭಾಗ ಹಸಿ ಬಿಳಿಯಾಗಿದ್ದರೆ ಎರಡು ಕಡೆ ನೋಡಿ. ಒಂದು, ಪುಡಿಯ ಪದರ ಎಷ್ಟು ದಪ್ಪ? ಒಂದು ಬೆರಳಿನ ದಪ್ಪ ದಾಟಬಾರದು. ಎರಡು, ಅದನ್ನು ಕೈಯಿಂದ ಒತ್ತಿ ಸಮ ಮಾಡಿದ್ದೀರಾ? ನೋಡಲು ಚೆಂದ ಇರಲಿ ಅಂತ ತುಂಬಾ ಜನ ಒತ್ತುತ್ತಾರೆ. ಒತ್ತಿದರೆ ಅದು ಮುಚ್ಚಳವಾಗುತ್ತದೆ. ಸೇಬಿನ ಆವಿಗೆ ಹೊರಬರಲು ಸಂದು ಇರುವುದಿಲ್ಲ, ಅದು ಪುಡಿಯ ಕೆಳಭಾಗವನ್ನೇ ನೆನೆಸಿಬಿಡುತ್ತದೆ. ಪುಡಿಯನ್ನು ಎತ್ತರದಿಂದ, ಬೆರಳ ಸಂದಿನಿಂದ ಉದುರಿಸಿ, ಬಿದ್ದ ಹಾಗೇ ಬಿಡಿ.

ಕಲ್ಲಿನಂತೆ ಗಟ್ಟಿಯಾಗಿದ್ದರೆ ಬೆಣ್ಣೆ ಕರಗಿದೆ, ಇಲ್ಲವೇ ಹಿಟ್ಟಿಗೆ ನೀರು ಸೇರಿದೆ. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಕರಗಿಹೋಗುತ್ತದೆ. ಏಪ್ರಿಲ್‌ನಲ್ಲಿ ರಾಯಚೂರಿನ ಅಡುಗೆಮನೆ, ಮೇ ತಿಂಗಳಲ್ಲಿ ಮಂಗಳೂರಿನ ಅಡುಗೆಮನೆ ಅಷ್ಟು ಬಿಸಿ ಇರುತ್ತದೆ. ಬೆಣ್ಣೆ ಕೈಯಲ್ಲೇ ಕರಗಿದಾಗ ಉಜ್ಜುವ ಬದಲು ನಾದುವ ಹಾಗಾಗುತ್ತದೆ. ಬೆಣ್ಣೆಯಲ್ಲಿರುವ ನೀರು ಮೈದಾಕ್ಕೆ ತಗುಲಿ, ನಾದಿದಷ್ಟೂ ಜಿಗುಟು ಹೆಚ್ಚಿ, ಬೆಂದಾಗ ಗಟ್ಟಿ ಗಡ್ಡೆಯಾಗುತ್ತದೆ. ಪರಿಹಾರ ಸರಳ. ಮೈದಾ, ಸಕ್ಕರೆ, ಬಟ್ಟಲು ಎಲ್ಲವನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬೆಣ್ಣೆಯನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ. ಅಂಗೈ ತಾಕಿಸದೆ ಬೆರಳ ತುದಿಯಲ್ಲಿ ಮಾತ್ರ, ರಂಗೋಲಿ ಪುಡಿ ಬಿಡುವ ಹಾಗೆ ಹೆಬ್ಬೆರಳನ್ನು ಉಳಿದ ಬೆರಳ ಮೇಲೆ ಸರಿಸುತ್ತಾ ಉಜ್ಜಿ. ಅಲ್ಲಲ್ಲಿ ಕಡಲೆಬೇಳೆ ಗಾತ್ರದ ಉಂಡೆ ಉಳಿದಿರುವಾಗಲೇ ನಿಲ್ಲಿಸಿ. ಪೂರ್ತಿ ನುಣ್ಣಗಾದರೆ ಅದು ಕ್ರಂಬಲ್ ಆಗುವುದಿಲ್ಲ. ಉಜ್ಜಿದ ಪುಡಿಯನ್ನು 15 ನಿಮಿಷ ಫ್ರೀಜರ್‌ಗೆ ಹಾಕಿ ನಂತರ ಸೇಬಿನ ಮೇಲೆ ಉದುರಿಸಿದರೆ ಉಂಡೆಗಳು ಆಕಾರ ಕೆಡದೆ ಬೇಯುತ್ತವೆ.

ಮನೆಯಲ್ಲಿ ಕಡೆದ ಬೆಣ್ಣೆ ಬಳಸುವವರು ಇಲ್ಲಿ ವಿಶೇಷವಾಗಿ ಗಮನ ಕೊಡಬೇಕು. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಬ್ಬು. ಮನೆಯ ಬೆಣ್ಣೆಯಲ್ಲಿ ಮಜ್ಜಿಗೆ, ನೀರು ಎಷ್ಟು ಉಳಿದಿದೆ ಅನ್ನುವುದು ಕಡೆದವರ ಕೈ ಮೇಲೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಚಮಚದ ಹಿಂಭಾಗದಿಂದ ಒತ್ತಿ ನೀರು ಹಿಂಡಿ, ಫ್ರಿಜ್‌ನಲ್ಲಿ ಗಟ್ಟಿ ಮಾಡಿಕೊಂಡು ಬಳಸಿ. ರುಚಿಯಲ್ಲಿ ಅದನ್ನು ಮೀರಿಸುವ ಬೆಣ್ಣೆ ಇಲ್ಲ. ಆ ನೀರೊಂದನ್ನು ತೆಗೆಯಬೇಕು ಅಷ್ಟೆ.

ಮರಳಿನ ಹಾಗೆ ಉದುರಿ, ಬಾಯಲ್ಲಿ ಒಣಗಿದಂತಾದರೆ ಬೆಣ್ಣೆ ಕಮ್ಮಿಯಾಗಿದೆ. ಒಂದು ಹಿಡಿ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆ ಕಟ್ಟಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಕಟ್ಟದಿದ್ದರೆ ಇನ್ನೊಂದು ಚಮಚ ಬೆಣ್ಣೆ. ತುಪ್ಪ ಬಳಸುವವರಿಗೂ ಮರಳಾಗುವ ತೊಂದರೆ ಬರುತ್ತದೆ. ತುಪ್ಪದಲ್ಲಿ ನೀರಿಲ್ಲ, ಹಾಗಾಗಿ ಹಿಟ್ಟನ್ನು ಕೂಡಿಸುವ ಅಂಟು ಇಲ್ಲ. 75 ಗ್ರಾಂ ಬೆಣ್ಣೆಯ ಜಾಗಕ್ಕೆ 60 ಗ್ರಾಂ ಗಟ್ಟಿ ತುಪ್ಪ, ಜೊತೆಗೆ ಎರಡು ಚಿಕ್ಕ ಚಮಚ ತಣ್ಣನೆ ಹಾಲು ಚಿಮುಕಿಸಿ. ಪುಡಿ ಪೂರ್ತಿ ಕರಗಿ ಬಿಸ್ಕತ್ತಿನ ಹಾಳೆಯಂತಾದರೆ ಉಲ್ಟಾ ಕಾರಣ: ಬೆಣ್ಣೆಯೋ ಸಕ್ಕರೆಯೋ ಅಳತೆ ಮೀರಿದೆ, ಅಥವಾ ಓವನ್ ಕಾಯುವ ಮುಂಚೆಯೇ ಪಾತ್ರೆ ಒಳಗಿಟ್ಟಿದ್ದೀರಿ.

ಓಟ್ಸ್ ಸೇರಿಸುವುದಾದರೆ ದಪ್ಪ ಓಟ್ಸ್ ತನ್ನಿ. ಎರಡು ನಿಮಿಷದಲ್ಲಿ ಬೇಯುವ ಪುಡಿ ಓಟ್ಸ್ ಆವಿ ಕುಡಿದು ಗಂಜಿಯಾಗುತ್ತದೆ. ಮೈದಾದಲ್ಲಿ ಕಾಲು ಭಾಗ ತೆಗೆದು ರಾಗಿ ಹಿಟ್ಟು ಹಾಕಿದರೆ ಬಣ್ಣ, ಘಮ ಎರಡೂ ಚೆನ್ನ. ಅದಕ್ಕಿಂತ ಜಾಸ್ತಿ ರಾಗಿ ಹಾಕಿದರೆ ಮತ್ತೆ ಮರಳಿನ ದೋಷ. ಸಕ್ಕರೆ ಬದಲು ಬೆಲ್ಲ ಹಾಕುವವರು ಒಣ ಬೆಲ್ಲದ ಪುಡಿಯನ್ನೇ ಬಳಸಿ. ಮೆತ್ತನೆ ಬೆಲ್ಲ ತುರಿದು ಹಾಕಿದರೆ ಪುಡಿ ಅಂಟಿಕೊಳ್ಳುತ್ತದೆ. ಬೆಲ್ಲ ಬೇಗ ಕಪ್ಪಾಗುತ್ತದೆ ಕೂಡ. ಕೊನೆಯ ಹತ್ತು ನಿಮಿಷ ಕಣ್ಣು ತೆಗೆಯಬೇಡಿ.

ಮೇಲೆ ಸೀದಿದೆ, ಒಳಗೆ ಸೇಬು ಕಚಕಚ ಅನ್ನುತ್ತದೆ

ಹೋಳು ದಪ್ಪವಾಯಿತಾ ಅಂತ ಮೊದಲು ನೋಡಿ. ಅರ್ಧ ಇಂಚು ದಪ್ಪ ಸಾಕು. ಮುಖ್ಯವಾಗಿ ಎಲ್ಲ ಹೋಳೂ ಒಂದೇ ಅಳತೆಯಲ್ಲಿರಲಿ. ಹೋಳು ಸರಿ ಇದ್ದರೆ ಓವನ್ ಕಡೆ ತಿರುಗಿ.

ನಮ್ಮ ಮನೆಗಳಲ್ಲಿರುವುದು ಜಾಸ್ತಿ ಓಟಿಜಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಚಿಕ್ಕ ಕರೆಂಟ್ ಓವನ್. ಅದಕ್ಕೆ ಮೇಲೊಂದು, ಕೆಳಗೊಂದು ಕಾಯುವ ರಾಡ್ ಇರುತ್ತದೆ. ಗುಂಡಿ ತಿರುಗಿಸುವಾಗ ಮೇಲಿನ ರಾಡ್ ಮಾತ್ರ ಉರಿಯುವ ಗುರುತಿಗೆ ನಿಂತಿದ್ದರೆ ಮೇಲೆ ಸೀಯುತ್ತದೆ, ಒಳಗೆ ಹಸಿ. ಎರಡೂ ರಾಡ್ ಇರುವ ಗುರುತಿಗೆ ಇಟ್ಟು, ಓವನ್ ದೀಪ ಆರಿಸಿ, ಬಾಗಿ ನೋಡಿ. ಎರಡೂ ಕೆಂಪಗಾಗಬೇಕು. ಕೆಳಗಿನದು ಕೆಂಪಾಗದಿದ್ದರೆ ರಾಡ್ ಹೋಗಿದೆ. ಅದನ್ನು ಬದಲಾಯಿಸದೆ ಯಾವ ರೆಸಿಪಿಯೂ ಕೈಹಿಡಿಯುವುದಿಲ್ಲ. ಆಮೇಲೆ ಜಾಲರಿಯ ಜಾಗ. ಚಿಕ್ಕ ಓಟಿಜಿಯಲ್ಲಿ ನಡುವಿನ ಜಾಗ ಅಂದುಕೊಂಡದ್ದೇ ಮೇಲಿನ ರಾಡ್‌ಗೆ ಮೂರು ಇಂಚು ಹತ್ತಿರ ಇರುತ್ತದೆ. ಕ್ರಂಬಲ್ ಪಾತ್ರೆಯ ಎತ್ತರ ಬೇರೆ ಸೇರುತ್ತದೆ. ಕೆಳಗಿನ ಜಾಗದಲ್ಲೇ ಇಡಿ.

ಓವನ್ ತೋರಿಸುವ 180 ನಿಜಕ್ಕೂ 180 ಹೌದಾ? ಓವನ್ ಥರ್ಮಾಮೀಟರ್ ಇದ್ದರೆ ನೋಡಿ. ಇಲ್ಲದಿದ್ದರೆ ಸಕ್ಕರೆಯಿಂದ ಪರೀಕ್ಷಿಸಬಹುದು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಫಾಯಿಲ್ ಬಟ್ಟಲಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾದ ಓವನ್‌ನ ನಟ್ಟನಡುವೆ 175ಕ್ಕೆ ಕಾಲು ಗಂಟೆ ಇಡಿ. ಕರಗಬಾರದು. ಆಮೇಲೆ 190ಕ್ಕೆ ಕಾಲು ಗಂಟೆ. ಕರಗಬೇಕು. 175ರಲ್ಲೇ ಕರಗಿದರೆ ಓವನ್ ಹೇಳುವುದಕ್ಕಿಂತ ಜಾಸ್ತಿ ಕಾಯುತ್ತಿದೆ. ಮುಂದೆ ಗುಂಡಿಯನ್ನು 160ಕ್ಕೆ ಇಟ್ಟುಕೊಳ್ಳಿ. 190ರಲ್ಲೂ ಹಾಗೇ ಕೂತಿದ್ದರೆ ಕಮ್ಮಿ ಕಾಯುತ್ತಿದೆ.

ಕಮ್ಮಿ ಕಾಯುವುದಕ್ಕೆ ಓವನ್ ಅನ್ನೇ ದೂರಬೇಡಿ, ಕರೆಂಟನ್ನೂ ನೋಡಿ. ರಾಡ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್‌ನಲ್ಲಿ 1500 ವ್ಯಾಟ್ ಕೊಡುವ ಓವನ್ 200 ವೋಲ್ಟ್‌ಗೆ ಬಂದರೆ ಸುಮಾರು 1130 ವ್ಯಾಟ್ ಮಾತ್ರ ಕೊಡುತ್ತದೆ. ಅಂದರೆ ಮುಕ್ಕಾಲು ಪಾಲು. ಸಂಜೆ ಹೊತ್ತು ದೀಪ ಮಂಕಾಗುವ ಊರುಗಳಲ್ಲಿ, ಬೆಳಿಗ್ಗೆ ಮಾಡಿದ ಕ್ರಂಬಲ್ ಚೆನ್ನಾಗಿ ಬಂದು ರಾತ್ರಿ ಮಾಡಿದ್ದು ಹಸಿಯಾಗಲು ಇದೇ ಕಾರಣ ಇರಬಹುದು. ಅಂಥ ಹೊತ್ತಿನಲ್ಲಿ ಓವನ್ ಕಾಯಿಸುವ ಸಮಯ ಜಾಸ್ತಿ ಮಾಡಿ, ಮಧ್ಯೆ ಬಾಗಿಲು ತೆಗೆಯಬೇಡಿ. ಇನ್ನೊಂದು ಮಾತು ಇಲ್ಲೇ ಹೇಳಬೇಕು. 1500 ವ್ಯಾಟ್ ಅಂದರೆ ಆರೂವರೆ ಆಂಪಿಯರ್. ಆ ಪ್ಲಗ್ಗನ್ನು ಆರು ಆಂಪಿಯರಿನ ಚಿಕ್ಕ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಸಿಕ್ಕಿಸಬೇಡಿ. 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಪ್ಲಗ್ ಮುಟ್ಟಿದರೆ ಬಿಸಿ ತಾಗುತ್ತಿದ್ದರೆ ಅಡುಗೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ.

ಓವನ್ ಕಾದಿದೆ ಅಂತ ದೀಪ ಆರಿದ ಮೇಲೂ ಐದು ಹತ್ತು ನಿಮಿಷ ಬಿಡಿ. ಗಾಳಿ ಬೇಗ ಕಾಯುತ್ತದೆ, ಒಳಗಿನ ಗೋಡೆ ನಿಧಾನ. ಮೈಕ್ರೋವೇವ್ ಇರುವವರು ಕನ್ವೆಕ್ಷನ್‌ನಲ್ಲೇ, ಅಂದರೆ ಬಿಸಿ ಗಾಳಿಯಿಂದ ಬೇಯಿಸುವ ಸೆಟ್ಟಿಂಗ್‌ನಲ್ಲೇ ಮಾಡಬೇಕು. ಬರೀ ಮೈಕ್ರೋವೇವ್‌ನಲ್ಲಿ ಸೇಬು ಬೇಯುತ್ತದೆ, ಪುಡಿ ಎಂದಿಗೂ ಗರಿಯಾಗುವುದಿಲ್ಲ.

ಸೇಬು ಗೊಜ್ಜಾಗಿದೆ

ಒಳಗೆ ಹೋಳೇ ಕಾಣುತ್ತಿಲ್ಲ, ಎಲ್ಲ ಒಂದೇ ಮುದ್ದೆ. ಇದಕ್ಕೆ ಉತ್ತರ ಹಣ್ಣಿನ ಅಂಗಡಿಯಲ್ಲಿದೆ.

ನಮಗೆ ಸುಲಭವಾಗಿ ಸಿಗುವ ಕೆಂಪು ಸೇಬು, ಶಿಮ್ಲಾದ್ದಾಗಲಿ ಕಾಶ್ಮೀರದ್ದಾಗಲಿ, ಬಹುಪಾಲು ಡೆಲಿಷಿಯಸ್ ಜಾತಿಯದ್ದು. ಹಣ್ಣಿನ ತಳದಲ್ಲಿ ಐದು ಉಬ್ಬು ಕಾಣುತ್ತದಲ್ಲ, ಅದೇ ಗುರುತು. ಹಿಮಾಚಲದ ಕೋಟ್‌ಗಢದಲ್ಲಿ 1916ರ ಸುಮಾರಿಗೆ ಅಮೆರಿಕದಿಂದ ಈ ಜಾತಿಯ ಗಿಡ ತರಿಸಿ ಬೆಳೆಸಿದವರು ಅಮೆರಿಕದವರೇ ಆದ ಸ್ಯಾಮ್ಯುಯೆಲ್ ಸ್ಟೋಕ್ಸ್. ಮುಂದೆ ಸತ್ಯಾನಂದ ಅಂತ ಹೆಸರು ಬದಲಿಸಿಕೊಂಡು ಇಲ್ಲಿಯವರೇ ಆದರು. ಹಾಗೇ ತಿನ್ನಲು ಆ ಹಣ್ಣು ಚೆನ್ನ. ಬೇಯಿಸಲು ಎರಡು ಕೊರತೆ ಇದೆ: ಹುಳಿ ಕಮ್ಮಿ, ಬೆಂದಾಗ ಬೇಗ ಮೆತ್ತಗಾಗುತ್ತದೆ. ಇಂಗ್ಲೆಂಡಿನವರು ಕ್ರಂಬಲ್‌ಗೆ ಬಳಸುವ ಬ್ರಾಮ್ಲಿ ಸೇಬು ಕೂಡ ಬೆಂದು ಕರಗಿಹೋಗುತ್ತದೆ. ಆದರೆ ಅದರ ಹುಳಿ ಜೋರು. ಆ ಮುದ್ದೆಗೇ ಒಂದು ಗತ್ತು ಇರುತ್ತದೆ. ಡೆಲಿಷಿಯಸ್ ಕರಗಿದರೆ ಸಪ್ಪೆ ಮುದ್ದೆ ಉಳಿಯುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಹಣ್ಣಿನ ವಯಸ್ಸು. ಹಿಮಾಚಲದ ಹೊಸ ಬೆಳೆ ಜುಲೈನಿಂದ, ಕಾಶ್ಮೀರದ್ದು ಆಗಸ್ಟ್ ಆಚೆ ಬರತೊಡಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಸಿಗುವ ದೇಶದ ಸೇಬು ಹಿಂದಿನ ವರ್ಷ ಕಿತ್ತು, ಆಮ್ಲಜನಕ ಕಮ್ಮಿ ಮಾಡಿದ ಶೀತಲ ಕೋಣೆಗಳಲ್ಲಿ ಇಟ್ಟದ್ದು. ಕೋಣೆಯಿಂದ ಹೊರಬಂದು ಅಂಗಡಿಯ ಬಿಸಿಲಲ್ಲಿ ದಿನಗಟ್ಟಲೆ ಕೂತ ಹಣ್ಣು ಬೇಗ ಹಿಟ್ಟುಹಿಟ್ಟಾಗುತ್ತದೆ. ಸಿಪ್ಪೆ ಮಾತ್ರ ಹೊಳೆಯುತ್ತಲೇ ಇರುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. ಒಂದು ಹಣ್ಣು ಕೊಯ್ದು ನೋಡಿ. ತಾಜಾ ಹಣ್ಣಿನ ಕೊಯ್ದ ಮುಖದ ಮೇಲೆ ಕೂಡಲೇ ರಸದ ಸಣ್ಣ ಹನಿಗಳು ಏಳುತ್ತವೆ. ತೆಳು ಹೋಳನ್ನು ಬಗ್ಗಿಸಿದರೆ ಟಕ್ಕನೆ ಮುರಿಯುತ್ತದೆ. ಹಳೆಯ ಹಣ್ಣಿನಲ್ಲಿ ಮುಖ ಒಣಗಿರುತ್ತದೆ, ಹೋಳು ಸದ್ದಿಲ್ಲದೆ ಬಗ್ಗಿ ಪುಡಿಯಾಗುತ್ತದೆ. ಅದರ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಸಡಿಲವಾಗಿದೆ ಅಂತ ಅರ್ಥ. ಬೇಯಿಸಿದರೆ ನಿಲ್ಲುವ ಮಾತೇ ಇಲ್ಲ.

ಹಾಗಾದರೆ ಯಾವುದನ್ನು ತರಬೇಕು? ನನ್ನ ಆಯ್ಕೆ ಅರ್ಧ ಹಸಿರು ಸೇಬು, ಅರ್ಧ ಕೆಂಪು ಸೇಬು. ಸೂಪರ್ ಮಾರ್ಕೆಟ್ಟಿನ ಹಸಿರು ಸೇಬು ಸಾಮಾನ್ಯವಾಗಿ ಗ್ರಾನಿ ಸ್ಮಿತ್. 1868ರ ಸುಮಾರಿಗೆ ಆಸ್ಟ್ರೇಲಿಯಾದ ಸಿಡ್ನಿ ಹತ್ತಿರ ಮರಿಯಾ ಆನ್ ಸ್ಮಿತ್ ಎಂಬ ಮಹಿಳೆಯ ತೋಟದಲ್ಲಿ ತಾನೇ ಹುಟ್ಟಿದ ಗಿಡದ ಸಂತತಿ ಅದು. ಹುಳಿ ಇದೆ, ಬೆಂದರೂ ಹೋಳು ಹೋಳಾಗಿ ನಿಲ್ಲುತ್ತದೆ. ಬೆಲೆ ಮಾತ್ರ ಜಾಸ್ತಿ. ಅದಕ್ಕೇ ಅರ್ಧರ್ಧ. ಹಳದಿ ಗೋಲ್ಡನ್ ಸಿಕ್ಕಿದರೆ ಅದೂ ಆಗುತ್ತದೆ, ಕೆಂಪಿಗಿಂತ ಚೆನ್ನಾಗಿ ನಿಲ್ಲುತ್ತದೆ. ಅನುಮಾನ ಇದ್ದರೆ ಎರಡು ಹೋಳನ್ನು ಬಾಣಲೆಗೆ ಹಾಕಿ, ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಎಂಟು ನಿಮಿಷ ಬೇಯಿಸಿ. ಅಲ್ಲಿ ಕರಗಿದ ಹಣ್ಣು ಓವನ್‌ನಲ್ಲೂ ಕರಗುತ್ತದೆ.

ಮನೆಯಲ್ಲಿರುವುದು ಕೆಂಪು ಸೇಬೇ ಆದರೆ ಅದನ್ನು ಗಟ್ಟಿ ಮಾಡಿಕೊಳ್ಳುವ ಒಂದು ಉಪಾಯ ಇದೆ. ಹೋಳುಗಳನ್ನು ಮುಟ್ಟಿದರೆ ಬೆರಳು ಹಿಂದೆಗೆಯುವಷ್ಟು ಬಿಸಿ ಇರುವ, ಆದರೆ ಆವಿ ಜೋರಾಗಿ ಏಳದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. 60ರಿಂದ 70 ಡಿಗ್ರಿ ಇದ್ದರೆ ಸರಿ. ಆ ಶಾಖದಲ್ಲಿ ಸೇಬಿನೊಳಗಿನ ಒಂದು ಕಿಣ್ವ ಚುರುಕಾಗಿ ಪೆಕ್ಟಿನ್ನನ್ನು ಬದಲಾಯಿಸುತ್ತದೆ. ಹಣ್ಣಿನಲ್ಲೇ ಇರುವ ಕ್ಯಾಲ್ಸಿಯಂ ಅದನ್ನು ಬಿಗಿ ಮಾಡುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಹೋಳು ಬೇಗ ಕುಸಿಯುವುದಿಲ್ಲ. ಕುದಿಯುವ ನೀರು ಹಾಕಿದರೆ ಕಿಣ್ವ ಸಾಯುತ್ತದೆ, ಕೆಲಸ ಕೆಡುತ್ತದೆ. ನೆನೆಸಿದ ಮೇಲೆ ಬಟ್ಟೆಯಿಂದ ಒತ್ತಿ ಒರೆಸಿ, ಇಲ್ಲದಿದ್ದರೆ ಮತ್ತೆ ಮೊದಲಿನ ನೀರಿನ ದೂರು. ಹಿಟ್ಟಾದ ಹಳೆ ಹಣ್ಣಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ರುಚಿ ಸರಿ ಇಲ್ಲ

ಸಪ್ಪೆಯಾಗಿದ್ದರೆ ಸಕ್ಕರೆ ಹೆಚ್ಚಿಸಬೇಡಿ, ನಿಂಬೆರಸ ಹೆಚ್ಚಿಸಿ. ಒಂದು ಚಿಟಿಕೆ ಉಪ್ಪು ಹಾಕಿ. ಉಪ್ಪಿನ ಬೆಣ್ಣೆ ಬಳಸಿದ್ದರೆ ಅದೂ ಬೇಡ. ಕಹಿ ಬಂದಿದ್ದರೆ ಚಕ್ಕೆ ಜಾಸ್ತಿಯಾಗಿದೆ. ನಮ್ಮ ಅಂಗಡಿಗಳ ದಪ್ಪ ಚಕ್ಕೆ ಬಹುಪಾಲು ಕ್ಯಾಸಿಯಾ ಅನ್ನುವ ಜಾತಿಯದ್ದು, ಖಾರ ಜೋರು. ಲವಂಗವಂತೂ ಎರಡು ಸಾಕು. ಬಾಯಲ್ಲಿ ಲೋಹದ ರುಚಿ, ಹಣ್ಣಿಗೆ ಬೂದು ಬಣ್ಣ ಬಂದಿದ್ದರೆ ಪಾತ್ರೆ ನೋಡಿ. ಅಲ್ಯೂಮಿನಿಯಂ ಪಾತ್ರೆಗೆ ಸೇಬಿನ, ನಿಂಬೆಯ ಹುಳಿ ಆಗುವುದಿಲ್ಲ. ಓವನ್‌ಗೆ ಆಗುವ ಗಾಜು ಅಥವಾ ಪಿಂಗಾಣಿ ಒಳ್ಳೆಯದು. ಬಿಸಿ ಗಾಜಿನ ಪಾತ್ರೆಯನ್ನು ಒದ್ದೆ ಗ್ರಾನೈಟ್ ಕಟ್ಟೆ ಮೇಲೆ ಇಡಬೇಡಿ, ಬಿರುಕು ಬಿಡುತ್ತದೆ. ಒಣ ಬಟ್ಟೆ ಮಡಚಿ ಅದರ ಮೇಲಿಡಿ.

ಓವನ್ ಇಲ್ಲದವರಿಗೆ

ದಪ್ಪ ಬಾಣಲೆಯಲ್ಲೋ ಗ್ಯಾಸ್ಕೆಟ್, ವಿಷಲ್ ತೆಗೆದ ಕುಕ್ಕರಿನಲ್ಲೋ ಕಲ್ಲುಪ್ಪು ಹಾಸಿ ಕೇಕ್ ಮಾಡುವ ಹಾಗೆ ಕ್ರಂಬಲ್ ಮಾಡಲು ಹೊರಟರೆ ಪುಡಿ ಬೆಳ್ಳಗೆ, ಒದ್ದೆಯಾಗಿ ಉಳಿಯುತ್ತದೆ. ಅಲ್ಲಿ ಶಾಖ ಬರುವುದು ಕೆಳಗಿನಿಂದ ಮಾತ್ರ, ಮುಚ್ಚಳದಡಿ ಆವಿಯೂ ತುಂಬಿರುತ್ತದೆ. ಎಷ್ಟು ಹೊತ್ತು ಇಟ್ಟರೂ ಕೆಂಪಾಗುವುದಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ. ಸೇಬನ್ನು ಬಾಣಲೆಯಲ್ಲಿ ನಿಂಬೆರಸ, ಸಕ್ಕರೆ, ಕಾರ್ನ್‌ಫ್ಲೋರ್ ಜೊತೆ ರಸ ಗಟ್ಟಿಯಾಗುವವರೆಗೆ ಬೇಯಿಸಿಕೊಳ್ಳಿ. ಪುಡಿಯನ್ನು ಅಗಲ ತವದ ಮೇಲೆ ಸಣ್ಣ ಉರಿಯಲ್ಲಿ, ಉಂಡೆ ಒಡೆಯದ ಹಾಗೆ ಮೆಲ್ಲಗೆ ಮಗುಚುತ್ತಾ, ಹೊಂಬಣ್ಣ ಬರುವವರೆಗೆ ಹುರಿಯಿರಿ. ತಟ್ಟೆಯಲ್ಲಿ ಹರಡಿ ಆರಿಸಿದರೆ ಗರಿಯಾಗುತ್ತದೆ. ಬಡಿಸುವಾಗ ಬಿಸಿ ಸೇಬಿನ ಮೇಲೆ ಉದುರಿಸಿ. ಓವನ್ ಕ್ರಂಬಲ್‌ನ ಅಂಚಿನ ಆ ಕಂದು ರಸ ಸಿಗುವುದಿಲ್ಲ ನಿಜ. ಆದರೆ ಗರಿಗರಿತನಕ್ಕೆ ಇದೇ ಮೇಲು ಅನ್ನುವವರೂ ಇದ್ದಾರೆ.

ಮರುದಿನ ಮೆತ್ತಗಾಗಿದೆ

ಇದನ್ನು ದೋಷ ಅನ್ನಲು ಬರುವುದಿಲ್ಲ. ಒದ್ದೆ ಹಣ್ಣಿನ ಮೇಲೆ ಒಣ ಪುಡಿ ರಾತ್ರಿಯಿಡೀ ಕೂತರೆ ನೀರು ಎಳೆದುಕೊಂಡೇ ತೀರುತ್ತದೆ. ನೆಂಟರು ಬರುವ ಹಿಂದಿನ ದಿನವೇ ತಯಾರಿ ಮಾಡುವುದಿದ್ದರೆ ಹಸಿ ಪುಡಿಯನ್ನು ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ, ಸೇಬನ್ನು ಬೇರೆ ಇಡಿ, ಬೇಯಿಸುವ ಮುಂಚೆ ಸೇರಿಸಿ. ಉಳಿದ ಕ್ರಂಬಲ್ ಬಿಸಿ ಮಾಡಲು ಮೈಕ್ರೋವೇವ್ ಬೇಡ. ಫ್ರಿಜ್‌ನಿಂದ ತೆಗೆದ ಗಾಜಿನ ಪಾತ್ರೆಯನ್ನು ಮೊದಲು ಅರ್ಧ ಗಂಟೆ ಹೊರಗಿಟ್ಟು, ಆಮೇಲೆ 160 ಡಿಗ್ರಿಯಲ್ಲಿ, ಏನೂ ಮುಚ್ಚದೆ, ಕಾಲು ಗಂಟೆ ಇಡಿ. ಮೇಲಿನ ಪುಡಿಯನ್ನು ಚಮಚದಿಂದ ತಟ್ಟಿದರೆ ಒಣ ಸದ್ದು ಬರಬೇಕು. ಬರದಿದ್ದರೆ ಇನ್ನೈದು ನಿಮಿಷ.